ಶ್ರಮವೇ ಮೌಲ್ಯವಾ? ಸ್ಮಿತ್, ರಿಕಾರ್ಡೊ, ಎರಡು ಜಿಂಕೆ

ಹಳೇಲೆಕ್ಕ: ವಸ್ತುವಿನ ಬೆಲೆ ಅಂದ್ರೆ ಅದಕ್ಕೆ ಬಿದ್ದ ಶ್ರಮ, ಅಷ್ಟೇ. ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರಲ್ಲೇ ಹೇಳಿದ್ದಾನೆ. ನೀರುನಾಯಿ ಹೊಡೆಯೋಕೆ ಜಿಂಕೆಯ ಎರಡರಷ್ಟು ಶ್ರಮ ಬಿದ್ದರೆ, ಒಂದು ನೀರುನಾಯಿಗೆ ಎರಡು ಜಿಂಕೆ. ಮುಗೀತು.

ಗೇಣಿದಾರ: ಮುಗೀಲಿಲ್ಲ. ಬಂಡವಾಳ ಕೂಡಿಬೀಳೋ ಮುಂಚೆ, ನೆಲಕ್ಕೆ ಒಡೆಯರು ಬರೋ ಮುಂಚೆ ಅನ್ನೋ ಷರತ್ತು ಅಲ್ಲೇ ಇದೆ. ಆಮೇಲೆ ಕೂಲಿ, ಲಾಭ, ಗೇಣಿ ಮೂರೂ ಸೇರುತ್ತವೆ. ಅದನ್ನ ನುಂಗಿಬಿಟ್ರಲ್ಲ!

ತುಂಗಾತೀರ: ನೀರುನಾಯಿ ಅಲ್ಲ ಸ್ವಾಮಿ, ಬೀವರ್. ನೀರುನಾಯಿ ಮೀನು ತಿನ್ನುತ್ತೆ, ಬೀವರ್ ತೊಗಟೆ ತಿನ್ನುತ್ತೆ.

ಹಳೇಲೆಕ್ಕ: ಪ್ರಾಣಿ ಯಾವುದಾದ್ರೂ ಲೆಕ್ಕ ಅದೇ. ಬಂಡವಾಳದ ಮಾತಿಗೆ ಸ್ಮಿತ್ ನಂತರದ ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರ ಪುಸ್ತಕದಲ್ಲಿ ಉತ್ತರ ಕೊಟ್ಟಾಯ್ತು: ಬೇಟೆಯ ಆಯುಧ ಮಾಡಿದ ಶ್ರಮವನ್ನೂ ಸೇರಿಸಿ.

ತುಂಗಾತೀರ: "ಯಾವುದಾದ್ರೂ" ಅಂದ್ರೆ? ಅದು ಇಲಿಯ ಬಳಗ. ಯುರೋಪಿನವರು ಟೋಪಿ ಮಾಡ್ತಿದ್ದದ್ದೇ ಅದರ ತುಪ್ಪಳದಲ್ಲಿ.

ಹಳೇಲೆಕ್ಕ: ಕನ್ನಡ ನೆಲದಲ್ಲಿ ಬೀವರ್ ಇಲ್ಲ. ಹತ್ತಿರದ್ದು ಹಾಕಿದೆ.

ತುಂಗಾತೀರ: ಇಲಿಗೆ ನಾಯಿ ಹತ್ತಿರವಾ? ಹಂಗಿದ್ರೆ ಜಿಂಕೆ ಬದಲು ಎಮ್ಮೆ ಹಾಕಿ.

ಗೇಣಿದಾರ: "ಸೇರಿಸಿ" ಅಂದ್ರಲ್ಲ, ರಿಕಾರ್ಡೊನದೇ ಲೆಕ್ಕದಲ್ಲಿ ಸೇರಿಸೋಣ. 100 ಆಳು, ತಲೆಗೆ ವರ್ಷಕ್ಕೆ 50 ಪೌಂಡ್, ಲಾಭ ಶೇ. 10. ರೈತನ ಧಾನ್ಯ ಪ್ರತಿವರ್ಷ 5,500. ಬಟ್ಟೆಯವನು ಮೊದಲ ವರ್ಷ ಅಷ್ಟೇ ಆಳಲ್ಲಿ ಯಂತ್ರ ಕಟ್ಟಿಸ್ತಾನೆ, ಅದೂ 5,500. ಎರಡನೇ ವರ್ಷ ಅದೇ 100 ಆಳು ನೇಯ್ದ ಬಟ್ಟೆಗೆ 5,500, ಯಂತ್ರದ ಮೇಲಿನ ಲಾಭ 550, ಒಟ್ಟು 6,050. ಯಂತ್ರ ಸವೆಯಲ್ಲ ಅಂತಿಟ್ಕೊಳ್ಳಿ. ಆ ವರ್ಷ ಆಳು ಸಮ, ಬೆಲೆ ಸಮ ಇಲ್ಲ. ಕೂಲಿ ಏರಿ ಲಾಭ ಶೇ. 9 ಆದ್ರೆ ಬಟ್ಟೆ 5,995ಕ್ಕೆ ಇಳಿಯುತ್ತೆ, ಧಾನ್ಯ ಅಲ್ಲೇ ನಿಲ್ಲುತ್ತೆ.

ಹಳೇಲೆಕ್ಕ: 6,050 ಎಲ್ಲಿ, 5,995 ಎಲ್ಲಿ? ಶೇ. 1 ಕೂಡ ಇಲ್ಲ! ಕೂಲಿ ಏರಿದ್ರೆ ಶೇ. 6-7ಕ್ಕಿಂತ ಹೆಚ್ಚು ವ್ಯತ್ಯಾಸ ಆಗಲ್ಲ ಅಂತ ಅವನೇ ಬರೆದಿದ್ದಾನೆ.

ಗೇಣಿದಾರ: 55 ಕಾಣುತ್ತೆ, 550 ಕಾಣಲ್ಲ. ಯಾವ ಕನ್ನಡಕ?

ಸಂತೆಪೇಟೆ: ಜಿಂಕೆ ಸತ್ತು ಎಷ್ಟೋ ಹೊತ್ತಾಯ್ತು, ಇನ್ನೂ ಹೆಸರಿಡೋದು ಮುಗಿದಿಲ್ವಾ?

ತುಂಗಾತೀರ: ಜಿಂಕೆ ಹೆಸರಲ್ಲಿ ಯಾರಿಗೂ ತಕರಾರಿಲ್ಲ. ಸರಿಯಾಗಿ ಓದಿ.

ಗೇಣಿದಾರ: 1823ರ ಆಗಸ್ಟ್‌ನಲ್ಲಿ, ಸಾಯೋಕೆ ಒಂದು ತಿಂಗಳು ಮುಂಚೆ, ತನ್ನ ಅನುಯಾಯಿ ಮೆಕ್‌ಕಲಕ್‌ಗೆ ಬರೆದ ಕಾಗದದಲ್ಲಿ ರಿಕಾರ್ಡೊನೇ ಸೋತಿದ್ದಾನೆ. ಶ್ರಮದ ಲೆಕ್ಕಕ್ಕೆ ಕೂರದ ಎರಡು: ಮಾಳಿಗೆಯಲ್ಲಿ 3-4 ವರ್ಷ ಇಟ್ಟ ವೈನ್, 2 ಶಿಲಿಂಗ್ ಶ್ರಮವೂ ಬೀಳದೆ 100 ಪೌಂಡ್ ಬೆಲೆ ಬಾಳೋ ಓಕ್ ಮರ.

ಹಳೇಲೆಕ್ಕ: ವೈನ್? ಅಪರೂಪದ ವೈನನ್ನ ಪುಸ್ತಕದ ಮೊದಲನೇ ಅಧ್ಯಾಯದಲ್ಲೇ ಶ್ರಮದ ಲೆಕ್ಕದಿಂದ ಹೊರಗಿಟ್ಟಿದ್ದ.

ಗೇಣಿದಾರ: ಅದು ವಿಶೇಷ ಮಣ್ಣಿನ ದ್ರಾಕ್ಷಿದು. ಇದು ಬರೀ ಕಾದು ಕೂತ ವೈನ್. ಓಕ್ ಬಗ್ಗೆ ಮಾತಾಡಿ.

ತುಂಗಾತೀರ: ಮೊದಲ ಕಾಮೆಂಟಲ್ಲಿ ಇನ್ನೂ ನೀರುನಾಯಿ ಅಂತಾನೇ ಇದೆ.