ಅನಿಲೀನ್ ಡೈ ನೀರಲ್ಲಿ ಕಲಸೋದಾ, ಸ್ಪಿರಿಟ್ಟಲ್ಲಾ?

ಪ್ರಶ್ನೆ: ರಬ್ಬರ್‌ವುಡ್ಡಲ್ಲಿ ಸ್ಟೂಲ್ ಮಾಡಿದೀನಿ, ಪಿಗ್ಮೆಂಟ್ ಸ್ಟೇನ್ (ಮರದ ಮೇಲೇ ಕೂರೋ ಬಣ್ಣ) ಹಾಕಿದ್ರೆ ಮರದ ಗೆರೆ ಮುಚ್ಚೋಗಿ ಪೇಂಟ್ ಬಳಿದಂಗೆ ಕಾಣುತ್ತೆ ಅಂತ ಅನಿಲೀನ್ ಡೈ (ಕರಗಿ ಮರದೊಳಗೆ ಇಳಿಯೋ ಬಣ್ಣ) ಪುಡಿ ತಂದೆ. ಯಾವುದ್ರಲ್ಲಿ ಕಲಸ್ಲಿ? ಮೇಲೆ ಶೆಲ್ಯಾಕ್ (ಅರಗಿನ) ಪಾಲಿಶ್ ಹೊಡೀಬೇಕು.

ಉತ್ತರ: ಮೊದ್ಲು ಡಬ್ಬಿ ನೋಡಿ ಸಾರ್, ನೀರಿನ ಪುಡಿ ಬೇರೆ ಸ್ಪಿರಿಟ್ ಪುಡಿ ಬೇರೆ. ನಿಮ್ಗೆ ನೀರಿಂದೇ ವಾಸಿ, ಯಾಕಂದ್ರೆ ಶೆಲ್ಯಾಕ್ ಕರಗಿರೋದೇ ಸ್ಪಿರಿಟ್ಟಲ್ಲಿ, ಸ್ಪಿರಿಟ್ ಡೈ ಮೇಲೆ ಉಜ್ಜಿದ್ರೆ ಬಣ್ಣ ಎದ್ದು ಬಟ್ಟೆಗೇ ಬರುತ್ತೆ. ಆದ್ರೆ ನೀರು ಬಿದ್ರೆ ಮರದ ನಾರು ಎದ್ದು ಒರಟಾಗುತ್ತೆ, ಅದಕ್ಕೇ ಮೊದ್ಲೇ ಒದ್ದೆ ಬಟ್ಟೇಲಿ ಒರೆಸಿ, ಪೂರ್ತಿ ಒಣಗಿದ್ಮೇಲೆ 220 ನಂಬರಿನ ನುಣುಪು ಸ್ಯಾಂಡ್ ಪೇಪರಲ್ಲಿ ಮೆಲ್ಲಗೆ ಉಜ್ಜಿ ಆಮೇಲೆ ಡೈ ಹಾಕಿ.

ಇನ್ನೊಬ್ರು: ಸ್ಪಿರಿಟ್ಟಿಂದು ಬೇಗ ಆರಿ ಪಟ್ಟೆಪಟ್ಟೆ ಬೀಳುತ್ತೆ, ಸ್ಪ್ರೇ ಗನ್ ಇಲ್ದೆ ಅದರ ಸಹವಾಸ ಬೇಡ. ಡೈ ಒಣಗಿದಾಗ ಪೇಲವ ಕಾಣುತ್ತೆ, ಹೆದರಿ ಇನ್ನೊಂದು ಕೋಟ್ ಬಳೀಬೇಡಿ, ಪಾಲಿಶ್ ಬಿದ್ಮೇಲೇ ನಿಜವಾದ ಬಣ್ಣ. ತುಂಡು ಹಲಗೆ ಮೇಲೆ ಟೆಸ್ಟ್ ಮಾಡಿ. ಬಿಸಿಲು ಬೀಳೋ ಬಾಲ್ಕನಿಗೆ ಮಾತ್ರ ಇಡ್ಬೇಡಿ, ಮಾಸುತ್ತೆ.

ಪ್ರಶ್ನೆ ಕೇಳಿದವ್ರು: ಥ್ಯಾಂಕ್ಸ್, ಡಬ್ಬಿ ಮೇಲೆ ನೀರು ಅಂತಾನೇ ಇದೆ. ಗ್ಲೌಸ್ ಬೇಕಾ?

ಉತ್ತರ: ಗ್ಲೌಸೂ ಬೇಕು, ಪುಡಿ ಕಲಸುವಾಗ ಮಾಸ್ಕೂ ಬೇಕು, ಫ್ಯಾನ್ ಆಫ್ ಮಾಡ್ಕೊಳಿ.