ನಟಿಯ ಕೂಪನ್ ಕೋಡ್ ನಂಬಿ ಸೀರಮ್ ಕೊಂಡರೆ ಹೊಣೆ ಯಾರು?

ಬೆಣ್ಣೆನಗರಿ: ಧಾರಾವಾಹಿ ನಟಿಯೊಬ್ಬರು ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ "ನಾನು ದಿನಾ ಹಚ್ಚೋದು ಇದೇ, 7 ದಿನದಲ್ಲಿ ಕಲೆ ಮಾಯ" ಅಂತ ಒಂದು ಸೀರಮ್ ತೋರಿಸ್ತಿದ್ದಾರೆ. ಕೆಳಗೆ ಅವರದೇ ಹೆಸರಿನ ಕೂಪನ್ ಕೋಡ್. ಜಾಹೀರಾತು ಅಂತ ಎಲ್ಲೂ ಹಾಕಿಲ್ಲ. ಕಂಪನಿ ಜೊತೆ ನಟಿ ಮೇಲೂ ದೂರು ಕೊಡಬಹುದಾ?

ಎಂಆರ್‌ಪಿ_ಮಾವ: ಕೊಡಬಹುದು. ದುಡ್ಡೇ ತಗೊಂಡಿರಬೇಕು ಅಂತಿಲ್ಲ. ಪುಕ್ಕಟೆ ಡಬ್ಬಿ, ಹೋಟೆಲ್ ವಾಸ, ಕಮಿಷನ್, ಕಂಪನಿಯಲ್ಲಿ ಪಾಲು ಎಲ್ಲವೂ ಲೆಕ್ಕಕ್ಕೆ ಬರುತ್ತೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆ ಪ್ರಕಾರ ಇದನ್ನ ಎದ್ದು ಕಾಣೋ ಹಾಗೆ ಹೇಳಲೇಬೇಕು. ವಿಡಿಯೊ ಆದ್ರೆ ಬಾಯಲ್ಲೂ ಹೇಳಬೇಕು, ಪರದೆ ಮೇಲೂ ತೋರಿಸಬೇಕು. ಹ್ಯಾಶ್‌ಟ್ಯಾಗ್ ರಾಶಿಯೊಳಗೆ ತುರುಕಿದ್ರೆ ನಡೆಯಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ದಾರಿ ತಪ್ಪಿಸುವ ಪ್ರಚಾರ ಮಾಡಿದವರಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಮೊದಲ ಸಲ 1 ವರ್ಷ, ಆಮೇಲೆ 3 ವರ್ಷದವರೆಗೆ ಪ್ರಚಾರ ಮಾಡದ ಹಾಗೆ ತಡೆಯಲೂಬಹುದು. ನಟರಿಗೆ ಜೈಲು ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡೋದು ಸುಳ್ಳು. 89ನೇ ಸೆಕ್ಷನ್‌ನ ಜೈಲು ತಯಾರಕರಿಗೆ, ಸೇವೆ ಕೊಡೋರಿಗೆ. ಹೇಳಿಕೆ ನಿಜವೇ ಅಂತ ತಕ್ಕಷ್ಟು ಪರಿಶೀಲಿಸಿದ್ದೆ ಅಂತ ತೋರಿಸಿದ್ರೆ ನಟಿ ದಂಡದಿಂದ ಪಾರು.

ರಸೀದಿ_ರಂಗಣ್ಣ: ಮೊದಲು ಸಾಕ್ಷಿ ಹಿಡೀರಿ. ಸ್ಟೋರಿ 24 ಗಂಟೆಯಲ್ಲಿ ಹೋಗುತ್ತೆ, ಸಾಕ್ಷಿ ಇಲ್ಲದೆ ದೂರು ಬಿದ್ದುಹೋಗೋದು ಅಲ್ಲೇ. ಖಾತೆ ಹೆಸರು, ತಾರೀಖು, ಕೋಡ್ ಮೂರೂ ಕಾಣೋ ಹಾಗೆ ದನಿ ಸಮೇತ ಸ್ಕ್ರೀನ್ ರೆಕಾರ್ಡ್ ಮಾಡಿ. ಬಿಲ್, ಡಬ್ಬಿ ಮೇಲಿನ ಬ್ಯಾಚ್ ನಂಬರ್, ತಯಾರಕರ ವಿಳಾಸದ ಫೋಟೊ ಇಟ್ಕೊಳ್ಳಿ.

ದಂಡದ ದುಡ್ಡು ನಿಮಗೆ ಬರಲ್ಲ, ಸರ್ಕಾರಕ್ಕೆ ಹೋಗುತ್ತೆ. ದಂಡ ಹಾಕಿಸೋ ದೂರನ್ನ ಜಿಲ್ಲಾಧಿಕಾರಿಗೆ ಇಲ್ಲವೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಬರೆದು ಕೊಡಿ. ನಿಮ್ಮ ದುಡ್ಡು ವಾಪಸ್ ಬೇಕಂದ್ರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗೆಹರಿಯದಿದ್ರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಬೆಣ್ಣೆನಗರಿ: ಥ್ಯಾಂಕ್ಸ್ ಸರ್. ಹಾಗಾದ್ರೆ ದೊಡ್ಡ ದೊಡ್ಡ ನಟರು ಏಲಕ್ಕಿ ಜಾಹೀರಾತಲ್ಲಿ ಕುಣಿಯೋದು ಹೆಂಗೆ ನಡೀತಿದೆ?

ಎಂಆರ್‌ಪಿ_ಮಾವ: 2022ರ ಮಾರ್ಗಸೂಚಿ ಮರೆಮಾಚಿದ ಜಾಹೀರಾತನ್ನ, ಅಂದ್ರೆ ಒಂದು ಸರಕಿನ ನೆಪದಲ್ಲಿ ಇನ್ನೊಂದನ್ನ ಪ್ರಚಾರ ಮಾಡೋದನ್ನ, ನಿಷೇಧಿಸಿದೆ. ಆದ್ರೆ ಅದರಲ್ಲೇ ಒಂದು ಕಿಂಡಿ: ಜಾಹೀರಾತು ನಿಷೇಧ ಇರೋ ಸರಕಿನ ಬ್ರ್ಯಾಂಡ್ ಹೆಸರನ್ನ ಬಳಸಿದ ಮಾತ್ರಕ್ಕೆ, ಬೇರೆ ಆಕ್ಷೇಪ ಇಲ್ಲದಿದ್ರೆ, ತಪ್ಪಲ್ಲ. ಹಾಗಾಗಿ ಏಲಕ್ಕಿ ಪೊಟ್ಟಣಕ್ಕೂ ಗುಟ್ಕಾ ಪೊಟ್ಟಣಕ್ಕೂ ಅದೇ ಹೆಸರು.

ಸಂತೆಮಾಳ: ಒಂದು ಮಾತು ಸೇರಿಸ್ತೀನಿ. ಈ ಕಾನೂನಿಗೆ ಸುಲಭವಾಗಿ ಸಿಗೋದು "7 ದಿನದಲ್ಲಿ ಕಲೆ ಮಾಯ" ಥರದ, ಪರೀಕ್ಷೆ ಮಾಡಬಹುದಾದ ಮಾತು. ಸ್ಕ್ರಿಪ್ಟ್ ಬರೆಯೋರಿಗೂ ಅದು ಗೊತ್ತು. ಅದಕ್ಕೇ ಈಗ ಬರೀ "ನನ್ನ ಬೆಳಗು ಶುರುವಾಗೋದೇ ಇದರಿಂದ" ಅಂತಾರೆ. ಹಾಗೆ ಹೇಳಿದ ಮೇಲೆ ಅವರು ನಿಜವಾಗ್ಲೂ ಹಚ್ಚಲ್ಲ ಅಂತ ಸಾಬೀತು ಮಾಡೋದು ಯಾರು? ಅಂಥ ರೀಲ್ಸ್ ಮೇಲೆ ಸುಳ್ಳು ಅಂತ ದೂರು ಬರೀಬೇಡಿ, ಕಂಪನಿ ಜೊತೆಗಿನ ವ್ಯವಹಾರ ಮುಚ್ಚಿಟ್ಟಿದ್ದಾರೆ ಅಂತ ಬರೀರಿ. ಆಗ ಕೂಪನ್ ಕೋಡೇ ಒಳ್ಳೆ ಸಾಕ್ಷಿ.