ಸಹಾಯ ಬೇಕು: ಗ್ರಂಥಪಾಲಕರ ಸಂಘಕ್ಕೆ ಅಧ್ಯಕ್ಷರು ಬೇಕಾಗಿದ್ದಾರೆ

ಎಲ್ಲರಿಗೂ ಶರಣು. ಕಲಬುರಗಿ, ಬೀದರ್, ಯಾದಗಿರಿ ಕಾಲೇಜುಗಳ ಗ್ರಂಥಪಾಲಕರು ಸೇರಿ ಸಂಘ ನಡೆಸುತ್ತಿದ್ದೇವೆ. ಅಧ್ಯಕ್ಷರು ಈ ವರ್ಷ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಸರಿಯಾದವರು ಗೊತ್ತಿದ್ದರೆ ತಿಳಿಸಿ.

ಸಭೆ ಕರೆದರೆ ಮುಗಿಯುವ ಕೆಲಸ ಅಲ್ಲ ಇದು. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್, ಕಾಲೇಜುಗಳಿಗಾಗಿ ನಡೆಸುವ ಆನ್‌ಲೈನ್ ಓದಿನ ಯೋಜನೆ ಎನ್-ಲಿಸ್ಟ್‌ನಲ್ಲಿ ಸಾವಿರಾರು ಇ-ಜರ್ನಲ್‌ಗಳಿವೆ, ಒಂದು ಲಕ್ಷಕ್ಕೂ ಜಾಸ್ತಿ ಇ-ಪುಸ್ತಕಗಳಿವೆ. ಕಾಲೇಜು ಸದಸ್ಯನಾದರೆ ವಿದ್ಯಾರ್ಥಿ ಮನೆಯಿಂದಲೇ ಓದಬಹುದು. ಆದರೆ ಚಿಂಚೋಳಿ, ಔರಾದ, ಸುರಪುರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ಗ್ರಂಥಾಲಯದ ಕೆಲಸಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ಕೋಹಾ ತಂತ್ರಾಂಶವೂ ಉಚಿತ, ಕೂತು ಕಲಿಸುವವರು ಬೇಕು ಅಷ್ಟೇ.

ಪ್ರಾಂಶುಪಾಲರ ಹತ್ತಿರ ಧೈರ್ಯವಾಗಿ ಮಾತಾಡುವವರು, ಮೂರೂ ಜಿಲ್ಲೆ ಸುತ್ತುವವರು ಸಿಕ್ಕರೆ ಸಾಕು. ಮಹಿಳೆಯರು ಮುಂದೆ ಬಂದರೆ ಇನ್ನೂ ಸಂತೋಷ. ಸಂಬಳ ಇಲ್ಲ, ನಾವೆಲ್ಲ ಜೊತೆಗಿರುತ್ತೇವೆ. ಹೆಸರು ಹೊಳೆದರೆ ನನಗೆ ಮೆಸೇಜ್ ಮಾಡಿ.